ಗಡುವಿನ ದಿನ ಬಂದ ಸಾವು

ಊಟಿ ಬಳಿಯ ಇತ್ತಲಾರಿನ ಕೆಳಗಿನ ಹಟ್ಟಿಯಲ್ಲಿ ಅಮ್ಮಣಿಯಷ್ಟು ಕಟ್ಟುನಿಟ್ಟಿನ ಹೆಂಗಸು ಇನ್ನೊಬ್ಬಳಿರಲಿಲ್ಲ. ಆ ಕಟ್ಟುನಿಟ್ಟೇ ಅವಳನ್ನು ಮುಳುಗಿಸಿತು.

ಹಳ್ಳದ ಬದಿಯ ಅರ್ಧ ಎಕರೆ ಚಹಾ ತೋಟ ಮುರಳೀಧರನದು. ಆದರೆ ಅಲ್ಲಿನ ಒಂದೊಂದು ಗಿಡವನ್ನೂ ನೆಟ್ಟವಳು ಅಮ್ಮಣಿ. ಇಪ್ಪತ್ತೆರಡು ವರ್ಷ ಪಾಲಿಗೆ ಎಲೆ ಕಿತ್ತವಳೂ ಅವಳೇ. ವರಸೆಯಲ್ಲಿ ಮೈದುನನಾಗಬೇಕಾದ ಮುರಳಿ ಕೊನೆಗೂ ಅದನ್ನು ಅವಳಿಗೇ ಮಾರಲು ಒಪ್ಪಿ, ಮುಂಗಡ ಪಡೆದು ಕರಾರು ಬರೆದುಕೊಟ್ಟ. ಫೆಬ್ರವರಿ ಹದಿನಾಲ್ಕರೊಳಗೆ ಉಳಿದ ಹಣ ತಂದು ರಿಜಿಸ್ಟರ್ ಮಾಡಿಸಿಕೊಳ್ಳಬೇಕು, ತಪ್ಪಿದರೆ ಕರಾರು ರದ್ದು. ಬ್ಯಾಂಕಿನವರು ಅಲೆಸಿ ಅಲೆಸಿ ಹದಿಮೂರರ ಸಂಜೆ ಸಾಲದ ಡಿ.ಡಿ. ಕೈಗಿಟ್ಟರು.

ಬೆಳಗಾಗುವಷ್ಟರಲ್ಲಿ ಚಿನ್ನಮ್ಮಾಳ್ ತೀರಿಕೊಂಡಳು. ತೊಂಬತ್ತು ದಾಟಿದ ಆಕೆ ಹಟ್ಟಿಗೆಲ್ಲ ಅಜ್ಜಿ. ಹಟ್ಟಿಯಲ್ಲಿ ಹೆಣವಿದ್ದರೆ ಯಾರೂ ಎಲೆ ಕೀಳುವುದಿಲ್ಲ, ಪೇಟೆಗೆ ಹೋಗುವುದಿಲ್ಲ.

“ಅವ್ವೆ, ಒಂದು ಗಂಟೆಯ ಕೆಲಸ. ಜೀಪಲಿ ಹೋಗಿ ಬಂದರಾಯ್ತು,” ಎಂದಳು ಮಗಳು ಸಿಂಧುಜಾ.

“ಹೆಣವ ಬಿಟ್ಟು ಪತ್ರಕೆ ಹೋದಳು ಅನ್ನಿಸಿಕೊಳ್ಳಲಾ ನಾ? ಮುರಳಿಯೂ ಈ ಹಟ್ಟಿಯವನೇ. ಅವನೂ ಹೋಗಲಾರ.”

ಡಿ.ಡಿ.ಯನ್ನು ಬೀರುವಿನಲ್ಲಿಟ್ಟು ಅಮ್ಮಣಿ ಸಾವಿನ ಮನೆಗೆ ನಡೆದಳು.

ಮುರಳಿ ಬಂದದ್ದು ಮಧ್ಯಾಹ್ನ. ಮೇಲೆ ಸಾವಿಗೆ ಹೊದೆಯುವ ಬಿಳಿ ಹೊದಿಕೆ, ಕೆಳಗೆ ಪೇಟೆಗೆ ಹಾಕುವ ಇಸ್ತ್ರಿ ಮಾಡಿದ ಪ್ಯಾಂಟು. ಅದು ಅವಳ ಕಣ್ಣಿಗೆ ಬಿತ್ತು, ಮನಸ್ಸಿಗೆ ಹೋಗಲಿಲ್ಲ. ಹಟ್ಟಿಯ ಹಿರಿಯ ಹಾಲನ್ ಪಕ್ಕದಲ್ಲೇ ನಿಂತಿರುವಾಗ ಅವಳು ಮೆಲ್ಲಗೆ ಕೇಳಿದಳು: “ಇಂದು ನಮ್ಮ ಕೆಲಸ ಇತ್ತಲ್ಲ?”

“ಸಾವಿನ ಮುಂದೆ ಅದು ಯಾತಕೆ ಅತ್ತಿಗೆ. ಸೋಮವಾರ ಹೋಗೋಣ.”

ಆಮೇಲೆ ಹಾಲನ್ ಹೆಣದ ತಲೆದೆಸೆಯಲ್ಲಿ ನಿಂತು, ಸತ್ತವಳು ಮಾಡಿರಬಹುದಾದ ಪಾಪಗಳನ್ನು, ಅವು ಕಳೆಯಲೆಂದು, ವಾಡಿಕೆಯಂತೆ ಒಂದೊಂದಾಗಿ ಎಣಿಸಿದರು. ಎಲ್ಲೆಕಲ್ಲು ಸರಿಸಿದ್ದು ಬಂದಾಗ, ಅದು ಪಾಪವೇ ಎಂದು ನೆರೆದವರೆಲ್ಲ ದನಿಗೂಡಿಸಿದರು. ಮುರಳಿಯ ದನಿ ಎಲ್ಲರಿಗಿಂತ ಮೇಲಿತ್ತು. ಪುಣ್ಯಾತ್ಮ!

ಸೋಮವಾರ ಅವನು ಫೋನ್ ಎತ್ತಲಿಲ್ಲ. ಬುಧವಾರ ಅವನ ವಕೀಲರ ನೋಟೀಸು ಬಂತು: ಹದಿನಾಲ್ಕರಂದು ಮಾರುವವರು ರಿಜಿಸ್ಟರ್ ಆಫೀಸಿನಲ್ಲಿ ಕಾದರು, ಕೊಳ್ಳುವವರು ಬರಲಿಲ್ಲ, ಕರಾರು ರದ್ದಾಗಿದೆ. ಜೊತೆಗೆ, ಮುರಳಿ ಅಲ್ಲಿದ್ದನೆಂಬುದಕ್ಕೆ ಸಾಕ್ಷಿಯಾಗಿ, ಆ ಬೆಳಿಗ್ಗೆ ಆಫೀಸಿನಲ್ಲಿ ಯಾವುದೋ ಪತ್ರದ ನಕಲಿಗೆ ಅರ್ಜಿ ಕೊಟ್ಟು ಪಡೆದ ಮೊಹರು ಹಾಕಿದ ರಸೀದಿ. ಆ ಪ್ಯಾಂಟು ಎಲ್ಲಿಂದ ಬಂದಿತ್ತೆಂದು ಅಮ್ಮಣಿಗೆ ಆಗ ತಿಳಿಯಿತು.

ಊಟಿಯ ವಕೀಲ ಆರುಮುಗಂ ಎಲ್ಲವನ್ನೂ ತಾಳ್ಮೆಯಿಂದ ಕೇಳಿದ. “ಅವರ ಕೈಲಿ ರಸೀದಿ ಇದೆ ಅಮ್ಮಾ. ನಿಮ್ಮ ಕೈಲಿ ಏನಿದೆ? ಸೋಮವಾರ ಅಂದದ್ದನ್ನು ಕೇಳಿದವರು ಯಾರಾದರೂ ಬಂದು ಹೇಳಬೇಕು.”

ಅವಳು ಹಾಲನ್ ಮನೆಯ ಜಗಲಿಯಲ್ಲಿ ಹೋಗಿ ಕೂತಳು.

“ನಾ ಕೇಳಿದ್ದು ದಿಟ,” ಎಂದರು ಹಾಲನ್. “ಆದರೆ ಹೆಣದ ಮುಂದಿನ ಮಾತ ಕೋರ್ಟಿಗೆ ಒಯ್ದರೆ, ನಾಳೆ ಎನ್ನ ಬಾಯಿಂದ ಯಾರ ಪಾಪ ಕಳೆವುದು? ಎನ್ನ ಕರೆಯಬೇಡ ಅಮ್ಮಣಿ.”

ತಾನು ಯಾವ ಕಟ್ಟಳೆಗಾಗಿ ಪೇಟೆಗೆ ಹೋಗದೆ ಉಳಿದಳೋ, ಅದೇ ಕಟ್ಟಳೆ ಈಗ ಹಾಲನ್ ಬಾಯಿಗೂ ಬೀಗ ಹಾಕಿತ್ತು. ಅದನ್ನು ತಪ್ಪೆನ್ನಲಾರದೆ ಅವಳು ಎದ್ದು ಬಂದಳು.

ದಾವೆ ಹೂಡಿದ್ದಾಯಿತು, ವಾಯಿದೆಗಳ ಮೇಲೆ ವಾಯಿದೆ ಬಿತ್ತು. ಕೋರ್ಟಿನ ತಡೆಯಾಜ್ಞೆ ಸಿಗುವ ಮುಂಚೆಯೇ ಮುರಳಿ ಕೊಯಮತ್ತೂರಿನ ರೆಸಾರ್ಟಿನವನಿಗೆ ತೋಟ ಬರೆದುಕೊಟ್ಟಿದ್ದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮೊನ್ನೆ ಜೆಸಿಬಿ ಇಳಿದು, ಅವಳು ನೆಟ್ಟ ಗಿಡಗಳನ್ನು ಬೇರು ಸಮೇತ ಕಿತ್ತು ಹಳ್ಳದ ಬದಿಗೆ ತಳ್ಳಿತು. ಅಮ್ಮಣಿ ಬೇಲಿಯ ಹೊರಗೆ ಸಂಜೆಯವರೆಗೆ ನಿಂತಿದ್ದಳು. ಸಿಂಧುಜಾ ಕರೆಯಲು ಬಂದಳು.

“ನೋಡು,” ಎಂದಳು ಅಮ್ಮಣಿ, ಮಗಳ ಕಡೆ ತಿರುಗದೆ. “ನಾ ಸತ್ತ ದಿನ ಹಟ್ಟಿಯಲಿ ಯಾರಿಗಾದರೂ ಪತ್ರದ ಕೆಲಸ ಇದ್ದರೆ, ಮೊದಲು ಹೋಗಿ ಮುಗಿಸಿ ಬರಲಿ ಅನ್ನು. ಎನ್ನ ಹೆಣ ಕಾಯಲಿ.”