ಬಂಡಾರ ಹಚ್ಚಿಕೊಂಡ ಹುಳ

ಮಕ್ತಲ್ ಹತ್ತಿರದ ತಮ್ಮ ಕುರಿಹಟ್ಟಿಯಲ್ಲಿ ಅಪರೂಪದ ನೆಲಜೀರುಂಡೆ ಇದೆಯೆಂದು ವಿದ್ಯಾರ್ಥಿನಿ ಅಖಿಲಾ ಹೇಳಿದಾಗ, ಗದ್ವಾಲ ಕಾಲೇಜಿನ ಭೀಮಶಂಕರ್ ಸಾರ್ ನಂಬಲಿಲ್ಲ. ಪುಸ್ತಕದಲ್ಲಿ ಅದರ ಬಗ್ಗೆ ಇದ್ದದ್ದೇ ಎರಡು ಸಾಲು. "ಸೋಮವಾರದೊಳಗ ಹುಳ ತಂದು ತೋರಸು, ಹೈದರಾಬಾದಿನ ವಿಜ್ಞಾನ ಸಭೆಗೆ ನಿನ್ನೇ ಕಳಸ್ತೀನಿ" ಅಂದಿದ್ದರು.

ನಾಲ್ಕು ದಿನ ಕಲ್ಲೆತ್ತಿ ಕಲ್ಲಿಟ್ಟು ಹುಡುಗಿ ಸುಸ್ತಾದಳು. ಹುಳಕ್ಕೇನು, ಬೇಕೆಂದಾಗ ಸಿಗುತ್ತದೆಯೇ? ಸೋಮವಾರ ಬೆಳಿಗ್ಗೆ ಅವಳ ತಾತ ಕುರುಮಯ್ಯ ಹಟ್ಟಿಯ ಬಾಗಿಲ ಕಲ್ಲು ಸರಿಸಿದರೆ, ಕೆಳಗೆ ಆರಾಮಾಗಿ ಕೂತಿತ್ತು ಮಹಾರಾಯ! ಹಿಡಿದದ್ದೇ ತಡ, ಹಿಂದಿನಿಂದ ಚುರ್ರೆಂದು ಏನೋ ಕಾರಿ ಬೆರಳು ಉರಿಸಿತು.

"ಎಲ ಇವನ! ನಮ್ಮ ಹಟ್ಟ್ಯಾಗ ಇದ್ದು ನನಗ ಉಗಳ್ತೀಯೇನಲೇ?"

ನಗುತ್ತಲೇ ಡಬ್ಬಿಗೆ ಹಾಕಿದ. ಮುಚ್ಚುವ ಮುಂಚೆ ಸೊಂಟದ ಚೀಲದಿಂದ ಮನೆದೇವರು ಬೀರಪ್ಪನ ಅರಿಶಿನ, ಅಂದರೆ ಬಂಡಾರ, ಒಂದು ಚಿಟಿಕೆ ತೆಗೆದು ಅದರ ಬೆನ್ನಿಗೆ ಎಳೆದ. ಅಖಿಲಾ ಅಷ್ಟರಲ್ಲಿ ಬಸ್ಸು ಬಂತೆಂದು ಕೂಗುತ್ತಿದ್ದಳು. ಜೂರಾಲ ಅಣೆಕಟ್ಟು ದಾಟುವವರೆಗೂ ತಾತ, ಮೊಮ್ಮಗಳು ಇಬ್ಬರಿಗೂ ನೆಲದ ಮೇಲೆ ಕಾಲಿರಲಿಲ್ಲ.

ಕಾಲೇಜಿನಲ್ಲಿ ಸಾರ್ ಡಬ್ಬಿ ತೆರೆದು, ಭೂತಗನ್ನಡಿ ಹಿಡಿದು, ಕುರ್ಚಿಯಿಂದ ಎದ್ದೇಬಿಟ್ಟರು.

"ಅಖಿಲಾ! ಬೆನ್ನ ಮ್ಯಾಲ ಹಳದಿ ಪಟ್ಟಿ! ಇದು ಹೊಸ ಜಾತಿನೇ ಇರಬೇಕು. ನಿನ್ನ ಹೆಸರೇ ಇಡಸೋಣು!"

ಅಖಿಲಾಳ ಮುಖ ಅರಳಿತು. ಕುರುಮಯ್ಯ ಸೊಂಟದ ಚೀಲ ಮುಟ್ಟಿ ನೋಡಿಕೊಂಡ. ಸುಮ್ಮನಿದ್ದರೆ ಕೂಸಿಗೆ ಹೆಸರು ಬರುತ್ತದೆ. ಬಾಯಿಬಿಟ್ಟರೆ ಅವಳ ಹೈದರಾಬಾದೂ ಹೋದೀತು. ಆದರೆ ಬೀರಪ್ಪನ ಬಂಡಾರದ ಮೇಲೆ ಸುಳ್ಳೇ?

"ಸಾರ್... ಅದು ನಾ ಹಚ್ಚಿದ್ದು ರೀ. ಬಂಡಾರ. ನಮ್ಮ ಮನ್ಯಾಗಿಂದ ಯಾರು ಪರಊರಿಗೆ ಹೊಂಟ್ರೂ ಹಚ್ಚದ ಕಳಸಂಗಿಲ್ರಿ. ಅದೂ ಹೊಂಟಿತ್ತಲ್ರಿ, ಪಾಪ."

ಅಖಿಲಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಸಾರ್ ಒದ್ದೆ ಕುಂಚದಿಂದ ಬೆನ್ನು ಒರೆಸಿದರು, ಪುಸ್ತಕ ನೋಡಿದರು, ಹುಳ ನೋಡಿದರು, ಮತ್ತೆ ಪುಸ್ತಕ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಹೊಸದಲ್ಲ. ಆದ್ರ ಅಖಿಲಾ ಹೇಳಿದ ಹುಳ ಇದೇ ಐತಿ! ತಯಾರಾಗವ್ವ, ಹೈದರಾಬಾದಿಗೆ."

ಕುರುಮಯ್ಯನಿಗೆ ಹೋದ ಜೀವ ಬಂದಂತಾಯಿತು. ಅಖಿಲಾ ಅವನ ಮುಂದೆ ಬಂದು ಹಣೆ ಒಡ್ಡಿ ನಿಂತಳು.

"ತಾತಾ, ಹುಳಕ್ಕ ಹಚ್ಚಿದಿ. ನನಗ?"

ಬೆಳಗಿನ ಸಡಗರದಲ್ಲಿ ಮೊಮ್ಮಗಳನ್ನೇ ಮರೆತಿದ್ದ. ನಾಲಿಗೆ ಕಚ್ಚಿಕೊಂಡು ಚೀಲ ತಡಕಾಡಿ, ಈ ಸಲ ಚಿಟಿಕೆಯಲ್ಲ, ಹಿಡಿ ತುಂಬ ತೆಗೆದ.