ಸಂಡಿಗೆ ಹೊತ್ತ ಸೌರಫಲಕ

ನಾನು ಒಂದು ಸೌರಫಲಕ. ಕಾರ್ಖಾನೆಯಲ್ಲಿ ಎಪ್ಪತ್ತೆರಡು ಸಿಲಿಕಾನ್ ಬಿಲ್ಲೆಗಳನ್ನು ಸಾಲಾಗಿ ಬೆಸೆದು, ಮೇಲೆ ಗಾಜು ಹೊದಿಸಿ, ಸುತ್ತ ಅಲ್ಯೂಮಿನಿಯಂ ಚೌಕಟ್ಟು ಕೂರಿಸಿ ನನ್ನನ್ನು ಮಾಡಿದರು. ಬೆನ್ನಿಗೆ ‘330 ವ್ಯಾಟ್’ ಎಂಬ ಚೀಟಿ ಅಂಟಿಸಿದ ದಿನ ಬಂದ ಹೆಮ್ಮೆ ಇನ್ನೂ ಇಳಿದಿಲ್ಲ.

ನನ್ನಂಥ ಇನ್ನೈವರ ಜೊತೆ ಲಾರಿ ಏರಿ ಗದಗ-ಬೆಟಗೇರಿಗೆ ಬಂದೆ. ಹಪ್ಪಳ, ಸಂಡಿಗೆ ಮಾಡಿ ಮಾರುವ ನೀಲವ್ವನ ಮಾಳಿಗೆಯೇ ನಮ್ಮ ನೆಲೆ. ಮಾಳಿಗೆಯಲ್ಲಿ ಅವಳ ಹಿರಿಯ ನೆಗೆಣ್ಣಿ, ಅಂದರೆ ಗಂಡನ ಅಣ್ಣನ ಹೆಂಡತಿ, ಪಕ್ಕದ ಮನೆಯ ಗುರವ್ವನಿಗೂ ಪಾಲಿತ್ತು. ಇಬ್ಬರೂ ಸಂಡಿಗೆ ಒಣಗಿಸುತ್ತಿದ್ದುದು ಅಲ್ಲೇ. ನಾವು ಬಂದು ಅರ್ಧ ಜಾಗ ಹಿಡಿದೆವು.

“ಬ್ಯಾಸಗಿ ಮುಗಿಯೂದ್ರಾಗ ಈ ಕನ್ನಡಿ ಏನರ ಗಳಿಸಿ ತೋರಸ್ಬೇಕು. ಇಲ್ಲಂದ್ರ ಇಳಿಸಿಬಿಡು,” ಎಂದಳು ಗುರವ್ವ.

“ಗಳಿಸ್ತಾವ ಅಕ್ಕಾ,” ಎಂದಳು ನೀಲವ್ವ.

ಮನೆಯೊಳಗೆ ಖರ್ಚು ಕಡಿಮೆಯಾದಷ್ಟೂ ಹೊರಗಿನ ತಂತಿಗೆ ಹೆಚ್ಚು ವಿದ್ಯುತ್ ಹೋಗುತ್ತದೆ, ಅದನ್ನು ಕರೆಂಟಿನ ಕಂಪನಿ ಕೊಳ್ಳುತ್ತದೆ. ಇದು ತಿಳಿದೇ ನೀಲವ್ವ ಎರಡು ಸ್ಟಾರಿನ ಹಳೆಯ ಫ್ರಿಜ್ಜು ಕೊಟ್ಟು ಐದು ಸ್ಟಾರಿನದು ತಂದಳು.

“ಸೂರ್ಯಾ ಸಾಲಲಿಲ್ಲಂತ ಆಕಾಶದ ಚಿಕ್ಕಿನೂ ತಂದಾಳ!” ಗುರವ್ವ ಓಣಿಗೆಲ್ಲ ಕೇಳುವಂತೆ ನಕ್ಕಳು.

ನಾವು ಆರೂ ಸೇರಿ ದಿನಕ್ಕೆ ಸುಮಾರು ಎಂಟು ಯೂನಿಟ್ ಕೊಡಬೇಕು. ಬೇಸಿಗೆ ಏರಿದಂತೆ ಅದು ಐದಕ್ಕಿಳಿಯಿತು. ಮೀಟರ್ ಓದಲು ಬಂದ ದಾವಲಸಾಬ ತಲೆ ಅಲ್ಲಾಡಿಸಿದ: “ಹೊರಗ ಹೋಗಿದ್ದು ಭಾಳ ಕಮ್ಮಿ ಐತ್ರಿ ಅವ್ವಾರ.”

ನೀಲವ್ವ ಆ ದಿನ ಊಟ ಮಾಡಲಿಲ್ಲ. ಇಳಿಸುವವರನ್ನು ಕರೆಸುವ ಮುನ್ನ ಕೊನೆಯ ಸಲ ಒರೆಸೋಣವೆಂದು, ಎಂದೂ ಮೇಲೆ ಬಾರದ ನಡುಮಧ್ಯಾಹ್ನ ಒದ್ದೆ ಬಟ್ಟೆ ಹಿಡಿದು ಬಂದಳು. ಬಂದವಳು ನಿಂತೇಬಿಟ್ಟಳು. ನನ್ನ ಎದೆಯ ಮೇಲೆ ಹಳೆಯ ಸೀರೆ. ಅಂಚನ್ನು ಚೌಕಟ್ಟಿಗೆ ಸಿಕ್ಕಿಸಲಾಗಿತ್ತು. ಅದರ ತುಂಬ ಸಂಡಿಗೆ. ಪಕ್ಕದಲ್ಲಿ ಹಿಟ್ಟಿನ ಬೋಗುಣಿ ಹಿಡಿದ ಗುರವ್ವ.

“ನೆಲಕ್ಕಿಂತ ಇದರ ಮ್ಯಾಲೆ ಬಿಸಲು ಚಲೋ ಬೀಳ್ತದವ್ವಾ. ಒಂದ ದಿನಕ್ಕ ಗರಿಗರಿ!”

“ಅಕ್ಕಾ, ಅದರ ಊಟಾನ ನಿನ್ನ ಸಂಡಿಗಿ ತಿಂದಾವಲ್ಲ!”

ಗುರವ್ವನಿಗೆ ಅರ್ಥವಾಗಲಿಲ್ಲ. ನೀಲವ್ವ ಕೂತು ತಿಳಿಹೇಳಿದಳು: ಬಿಸಿಲೇ ಇವುಗಳ ಊಟ, ಆರು ಫಲಕಗಳಿಗೂ ಒಂದೇ ಸಾಲಿನ ತಂತಿ, ಒಂದರ ಮೇಲೆ ನೆರಳು ಬಿದ್ದರೆ ಇಡೀ ಸಾಲೇ ಸೊರಗುತ್ತದೆ. ಗುರವ್ವ ನನ್ನ ಮೇಲಿನ ಸೀರೆಯನ್ನು ಎತ್ತಿದಳು. ಮರುದಿನದಿಂದ ಇಬ್ಬರೂ ಉಳಿದರ್ಧ ಜಾಗದಲ್ಲೇ ಸರದಿ ಹಾಕಿಕೊಂಡು ಒಣಗಿಸಿದರು.

ಮುಂದಿನ ತಿಂಗಳು ದಾವಲಸಾಬ ಮೀಟರನ್ನು ಎರಡು ಸಲ ನೋಡಿದ. “ಈ ಸಲ ಕಂಪನಿನ ನಿಮಗ ರೊಕ್ಕ ಕೊಡಬೇಕ್ರಿ!”

“ಇನ್ನೊಮ್ಮೆ ಓದು,” ಎಂದಳು ಗುರವ್ವ. ಅವನು ಓದಿದ. ನಮ್ಮನ್ನು ಇಳಿಸುವ ಮಾತು ಅಲ್ಲಿಗೆ ಮುಗಿಯಿತು.

ಎಂಟು ವರ್ಷದ ಮೇಲೆ ಮಂಗಗಳು ಉರುಳಿಸಿದ ಇಟ್ಟಿಗೆ ಬಿದ್ದು ನನ್ನ ಗಾಜು ಬಿರುಕುಬಿಟ್ಟಿತು. ನನ್ನ ಜಾಗಕ್ಕೆ ಹೊಸಬ ಬಂದ. ಗುಜರಿಯವನು ನನ್ನನ್ನು ಎತ್ತಿದಾಗ ಗುರವ್ವ ಅಡ್ಡ ನಿಂತಳು: “ಅದು ನಂದು. ಇಳಸು.”

ಈಗ ಅವಳ ಹಿತ್ತಲಿನ ತಗ್ಗಾದ ತಗಡಿನ ಸೂರಿನ ಮೇಲಿದ್ದೇನೆ. ಒಂದು ಬ್ಯಾಟರಿ, ಅವಳು ಹಿಟ್ಟು ಕಲಸುವಾಗ ತಿರುಗುವ ಒಂದು ಪುಟ್ಟ ಫ್ಯಾನು, ಇಷ್ಟೇ ನನ್ನ ಸಂಸಾರ. ಹಿಂದಿನ ಅರ್ಧ ಬಲವೂ ಉಳಿದಿಲ್ಲ. ಆದರೂ ಕನ್ನಡಿ ಎಂದು ಹಂಗಿಸಿದವಳೇ ದಿನಾ ಬೆಳಿಗ್ಗೆ ಸೆರಗಿನಿಂದ ನನ್ನನ್ನು ಒರೆಸುತ್ತಾಳೆ. ಪಕ್ಕದವರು ಹಗ್ಗಕ್ಕೆ ಬಟ್ಟೆ ಹಾಕಲು ಬಂದರೆ ಅವಳ ದನಿ ಕೇಳಿಸುತ್ತದೆ:

“ಆಚೀಕಡೆ ಹಾಕ್ರಿ! ಅದು ಉಣ್ಣಾಕ ಕುಂತೈತಿ.”