ಹಗ್ಗದ ಬಾಲ

ಶಿಶುವಿಹಾರಕ್ಕೆ ಇನ್ನು ಶುಲ್ಕ ಕಟ್ಟಬೇಕಿಲ್ಲ, ಸರ್ಕಾರವೇ ಕೊಡುತ್ತದೆ ಎಂದ ದಿನ ಲಾಂಡ್ರಿಯಲ್ಲಿ ನಾವೆಲ್ಲ ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ಕುಣಿದಿದ್ದೆವು. ನನ್ನ ಅರ್ಧ ಸಂಬಳ ಮಗಳ ಶುಲ್ಕಕ್ಕೇ ಹೋಗುತ್ತಿತ್ತು.

ಶಿಶುವಿಹಾರ ನಡೆಸುವವಳನ್ನು ಮಕ್ಕಳೂ ತಾಯಂದಿರೂ ದೊಡ್ಡಮ್ಮ ಅಂತಲೇ ಕರೆಯುವುದು. ಅಲ್ಲಿ ಅಂಗಳವಿಲ್ಲ, ಮಕ್ಕಳು ದಿನಾ ರಸ್ತೆ ದಾಟಿ ಪಾರ್ಕಿಗೆ ಹೋಗಬೇಕು. ಅದಕ್ಕೊಂದು ಹಗ್ಗ, ಹಗ್ಗಕ್ಕೆ ಬಣ್ಣಬಣ್ಣದ ಬಟ್ಟೆಯ ಕುಣಿಕೆಗಳು, ಒಂದೊಂದು ಮಗುವಿನ ಕೈಗೆ ಒಂದೊಂದು. ಮುಂದೆ ದೊಡ್ಡಮ್ಮ, ನಡುವೆ ಒಬ್ಬ ಆಯಾ, ಕೊನೆಯಲ್ಲಿ ಇನ್ನೊಬ್ಬಳು. ನಮ್ಮ ಲಾಂಡ್ರಿಯ ಕಿಟಕಿಗೆ ಆ ಮೆರವಣಿಗೆ ಕಾಣುತ್ತದೆ.

ಮೊದಲು ನಡುವಿನ ಆಯಾ ಕಾಣದಾದಳು. ಹಗ್ಗ ಮಾತ್ರ ಉದ್ದವಾಯಿತು. ಹಳೆಯದಕ್ಕೆ ಹೊಸ ತುಂಡು ಗಂಟು ಹಾಕಿದ್ದರು.

ಒಂದು ಸಂಜೆ ಮಗಳು ಎದೆಯುಬ್ಬಿಸಿ ಹೇಳಿದಳು, "ಅಮ್ಮಾ, ನಾನೀಗ ಬಾಲ!"

"ಹಾಗಂದ್ರೆ?"

"ಎಲ್ಲರಿಗಿಂತ ಹಿಂದೆ. ಬಾಲ ಅಳಬಾರ್ದು. ಬಾಲ ಕೈ ಬಿಡಬಾರ್ದು."

"ನಿನ್ನ ಹಿಂದೆ ಆಯಾ ಇರ್ತಾಳಲ್ಲ?"

"ಅವಳಿಲ್ಲಪ್ಪ, ಇನ್ಮೇಲೆ ಬರಲ್ವಂತೆ."

ಮರುದಿನ ದೊಡ್ಡಮ್ಮನನ್ನು ಬಾಗಿಲಲ್ಲೇ ಹಿಡಿದೆ.

"ಏನ್ ಮಾಡ್ಲಿ ಹೇಳು? ಪುಕ್ಕಟೆ ಅಂತ ಡಂಗುರ ಹೊಡೆದೋರು ಅವರು, ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಕೊಂಡೋಳು ನಾನು. ಅವರು ಕೊಡೋದು ಬಾಡಿಗೆಗೇ ಸಾಲಲ್ಲ. ನಿಮ್ಮ ಹತ್ರ ಮೇಲೆ ಒಂದು ಕಾಸು ಕೇಳಿದ್ರೆ ಲೈಸೆನ್ಸ್ ಕಿತ್ಕೋತಾರೆ. ಮಕ್ಕಳನ್ನ ಹೆಚ್ಚು ತಗೊಂಡೆ, ಆಯಾಗಳನ್ನ ಕಳಿಸ್ದೆ. ಪಕ್ಕದ ಬೀದಿಯೋರು ಬಾಗಿಲೇ ಮುಚ್ಚಿದ್ರು."

"ಹಾಗಾದ್ರೆ ಪಾರ್ಕ್ ಬಿಟ್ಬಿಡಿ."

"ದಿನಾ ಬಯಲಿಗೆ ಕರ್ಕೊಂಡು ಹೋಗ್ಲೇಬೇಕು ಅನ್ನೋದೂ ಅವರದೇ ನಿಯಮ ಕಣೇ. ದೂರು ಕೊಡ್ತೀಯಾ? ಕೊಡು. ನಾಳೆನೇ ಬೀಗ ಹಾಕ್ತೀನಿ. ಮಗಳನ್ನ ಇಸ್ತ್ರಿ ಮೇಜಿನ ಮೇಲೆ ಮಲಗಿಸ್ತೀಯಾ?"

ಮಗಳ ಬುತ್ತಿಚೀಲವನ್ನು ಅವಳ ಕೈಗೆ ಕೊಟ್ಟೆ.

ನಿನ್ನೆ ಹಾಸುಬಟ್ಟೆ ಮಡಚುತ್ತ ಕಿಟಕಿಯತ್ತ ನೋಡಿದೆ. ದೊಡ್ಡಮ್ಮ ಆಗಲೇ ಪಾರ್ಕಿನ ಗೇಟಿನೊಳಗೆ. ಮಕ್ಕಳು ಒಬ್ಬರ ಹಿಂದೊಬ್ಬರು ಒಳಗೆ ಹೋದರು. ಹಗ್ಗವೂ ಹೋಯಿತು. ನಡುರಸ್ತೆಯಲ್ಲಿ ನನ್ನ ಮಗಳು ನಿಂತಿದ್ದಳು. ಕೊನೆಯ ಗಂಟು ಬಿಚ್ಚಿಕೊಂಡಿತ್ತು. ಕೈಯಲ್ಲಿ ಕೆಂಪು ಕುಣಿಕೆ, ಅದಕ್ಕೆ ಜೋತ ಗೇಣುದ್ದದ ಹಗ್ಗ. ಲಾರಿ ಹಾರ್ನ್ ಹೊಡೆಯುತ್ತಲೇ ಬಂತು. ಅವಳು ಅಳಲಿಲ್ಲ, ಕದಲಲಿಲ್ಲ, ಕುಣಿಕೆ ಬಿಡಲಿಲ್ಲ.

ಲಾರಿ ನಿಂತಿತು. ನಾನು ಮೆಟ್ಟಿಲಿಳಿದು ಓಡಿ ಅವಳನ್ನು ಎತ್ತಿಕೊಂಡಾಗ ಎಂಜಿನ್ನಿನ ಬಿಸಿ ನನ್ನ ಬೆನ್ನಿಗೆ ತಾಗುತ್ತಿತ್ತು.

"ನಾನು ಕೈ ಬಿಡ್ಲಿಲ್ಲಮ್ಮ," ಎಂದಳು.

ಇವತ್ತು ಬೆಳಿಗ್ಗೆ ಆ ಗಂಟನ್ನು ನಾನೇ ಹಾಕಿದೆ. ಎರಡು ಸುತ್ತು ಸುತ್ತಿ, ಕಾಲಿನಿಂದ ಮೆಟ್ಟಿ, ಜಗ್ಗಿ ನೋಡಿದೆ. ಕೆಂಪು ಕುಣಿಕೆಯನ್ನು ಮಗಳ ಕೈಗೆ ಕೊಟ್ಟು ಕೆಲಸಕ್ಕೆ ಹೋದೆ. ನನ್ನ ಮೇಜನ್ನು ಕಿಟಕಿಯ ಹತ್ತಿರಕ್ಕೆ ಎಳೆದುಕೊಂಡಿದ್ದೇನೆ.